ಹಿಮ ಕರಗಿಸುವ ಚಾಪೆ

ಮಳೆ ಬಿದ್ದರೆ ಹರಿದುಹೋಗುತ್ತದೆ; ಹಿಮ ಬಿದ್ದರೆ ಬಿದ್ದಲ್ಲೇ ಕುಳಿತುಬಿಡುತ್ತದೆ. ಮಲೆನಾಡಿನ ಆಷಾಢದ ಜಡಿಮಳೆಯನ್ನು ಕಂಡವರಿಗೂ ಈ ವ್ಯತ್ಯಾಸದ ಭಾರ ಒಮ್ಮೆಗೇ ಅರಿವಿಗೆ ಬರಲಾರದು. ಜಡಿಮಳೆ ಎಷ್ಟೇ ಸುರಿಯಲಿ, ಇಳಿಜಾರು ಸಿಕ್ಕಿತೆಂದರೆ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಹಿಮಕ್ಕೆ ಆ ಸೌಜನ್ಯವಿಲ್ಲ. ರಾತ್ರಿಯೆಲ್ಲ ಸದ್ದಿಲ್ಲದೆ ಬಿದ್ದು, ಬೆಳಗಾಗುವ ವೇಳೆಗೆ ಮನೆಯ ಮೆಟ್ಟಿಲು, ಅಂಗಳದ ಹಾಸುಗಲ್ಲು, ಬೀದಿಯವರೆಗಿನ ಕಾಲುದಾರಿ ಎಲ್ಲವನ್ನೂ ಒಂದೇ ಬಿಳಿಯ ಹೊದಿಕೆಯ ಕೆಳಗೆ ಅಡಗಿಸಿಬಿಡುತ್ತದೆ. ಕಿಟಕಿಯ ಒಳಗಿನಿಂದ ನೋಡುವವರಿಗೆ ಅದು ಸೊಗಸು. ಆದರೆ ಅಂಚೆಯವನು, ಶಾಲೆಗೆ ಹೊರಟ ಮಗು, ಔಷಧದ ಅಂಗಡಿಗೆ ಹೋಗಬೇಕಾದ ಎಂಬತ್ತರ ಮುದುಕಿ ಇವರೆಲ್ಲ ಅದರ ಮೇಲೆಯೇ ಕಾಲಿಡಬೇಕು. ತುಳಿದ ಹಿಮ ಗಟ್ಟಿಯಾಗುತ್ತದೆ; ಹಗಲು ಒಂದಿಷ್ಟು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿತೆಂದರೆ ಗಾಜಿನಂತಾಗುತ್ತದೆ. ಶೀತದೇಶಗಳಲ್ಲಿ ಸೊಂಟದ ಮೂಳೆ ಮುರಿದುಕೊಂಡ ವೃದ್ಧರ ಕಥೆಗಳು ಎಷ್ಟೋ ವೇಳೆ ಈ ಗಾಜಿನ ಮೇಲೆಯೇ ಆರಂಭವಾಗುತ್ತವೆ.

ಅಮೆರಿಕದ ಅನೇಕ ಊರುಗಳಲ್ಲಿ ಮನೆಯ ಮುಂದಿನ ಕಾಲುದಾರಿಯ ಹಿಮವನ್ನು ತೆಗೆಯುವ ಹೊಣೆಯನ್ನು ಕಾನೂನು ಮನೆಯೊಡೆಯನ ಮೇಲೆಯೇ ಹೊರಿಸಿದೆ. ನ್ಯೂಯಾರ್ಕ್ ನಗರದಲ್ಲಿ ಹಗಲು ಹೊತ್ತಿನಲ್ಲಿ ಹಿಮ ಬೀಳುವುದು ನಿಂತರೆ ನಾಲ್ಕು ಗಂಟೆಯೊಳಗೆ ದಾರಿ ತೆರವಾಗಿರಬೇಕು, ಇಲ್ಲದಿದ್ದರೆ ದಂಡ. ಷಿಕಾಗೊ, ಡೆಟ್ರಾಯಿಟ್, ಟೊರಾಂಟೊಗಳ ಕಡೆ ಮನೆಮಾಡಿದ ಕನ್ನಡಿಗರು ಅಲ್ಲಿ ಮೊದಲು ಕೊಳ್ಳುವ ಸಾಮಾನುಗಳಲ್ಲಿ ದಪ್ಪ ಕೋಟಿನ ಜೊತೆಗೆ ಅಗಲ ಬಾಯಿಯ ಸಲಿಕೆಯೂ ಒಂದು. ಸಲಿಕೆ ಕೆಲಸವೆಂದರೆ ಹಗುರವೆಂದು ಎಣಿಸುವಂತಿಲ್ಲ. ಚಳಿಗೆ ರಕ್ತನಾಳಗಳು ಬಿಗಿದುಕೊಂಡಿರುವಾಗ, ವರ್ಷವಿಡೀ ಕುರ್ಚಿಯ ಮೇಲೆ ಕುಳಿತ ದೇಹ ಬೆಳಗಿನ ಜಾವ ಎದ್ದು ಒಮ್ಮೆಲೇ ಮಣಭಾರವನ್ನು ಎತ್ತತೊಡಗಿದರೆ ಹೃದಯ ಸಹಿಸುವುದು ಕಷ್ಟ. ಅಮೆರಿಕದಲ್ಲಿ 1990ರಿಂದ 2006ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ವೈದ್ಯರು, ಹಿಮ ತೆಗೆಯುವಾಗ ಪೆಟ್ಟಾಗಿ ಅಥವಾ ಆಯಾಸಗೊಂಡು ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದವರ ಸಂಖ್ಯೆ ವರ್ಷಕ್ಕೆ ಸರಾಸರಿ 11,500 ಎಂದು ಲೆಕ್ಕಹಾಕಿದರು. ಸತ್ತವರಲ್ಲಿ ಹೃದಯಾಘಾತವೇ ಮುಖ್ಯ ಕಾರಣವಾಗಿತ್ತು.

ಸಲಿಕೆಯನ್ನು ಬಿಟ್ಟರೆ ಉಪ್ಪು. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲವೆಂಬ ಗುಣವನ್ನು ಹಿಡಿದುಕೊಂಡು ದಾರಿಯ ಮೇಲೆಲ್ಲ ಅದನ್ನು ಎರಚುತ್ತಾರೆ. ಚಳಿ ಮಿತಿಮೀರಿದರೆ ಉಪ್ಪೂ ಸೋಲುತ್ತದೆ. ಗೆದ್ದ ಕಡೆಯಲ್ಲೂ ಅದು ಸುಮ್ಮನಿರದೆ ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ತಿನ್ನುತ್ತದೆ, ಮೋಟಾರು ಗಾಡಿಗಳ ತಳವನ್ನು ತುಕ್ಕುಹಿಡಿಸುತ್ತದೆ, ಕರಗಿದ ನೀರಿನೊಡನೆ ಹರಿದು ಕೆರೆ ಹೊಳೆಗಳನ್ನು ಸೇರುತ್ತದೆ.

ಹಾಗಾದರೆ ನೆಲವನ್ನೇ ಬಿಸಿಮಾಡಬಾರದೇಕೆ? ಬಿದ್ದ ಹಿಮ ಬಿದ್ದ ಹಾಗೆಯೇ ನೀರಾಗಿ ಹರಿದರೆ ಸಲಿಕೆಯೂ ಬೇಡ, ಉಪ್ಪೂ ಬೇಡ. ಈ ಯೋಚನೆಯ ಕೂಸೇ ವಿದ್ಯುತ್ ಚಾಪೆ. ಹೇಳುವುದಕ್ಕೆ ಇಷ್ಟು ಸರಳವಾದ ಉಪಾಯ ಶೀತದೇಶಗಳ ಪ್ರತಿ ಮನೆಯ ಮುಂದೆಯೂ ಏಕೆ ಕಾಣಿಸುವುದಿಲ್ಲವೆಂದು ವಾಚಕರು ಕೇಳಬಹುದು. ಉತ್ತರಕ್ಕಾಗಿ ಎರಡು ಶತಮಾನಗಳಿಗಿಂತಲೂ ಹಿಂದೆ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರಕ್ಕೆ ಹೋಗಬೇಕು.

ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಬ್ಲ್ಯಾಕ್ ಎಂಬ ಪ್ರಾಧ್ಯಾಪಕರಿದ್ದರು. ಹಿಮ ಕರಗುವುದನ್ನು ಎಲ್ಲರೂ ನೋಡಿದ್ದರು. ಅದು ಅಷ್ಟು ನಿಧಾನವಾಗಿ ಏಕೆ ಕರಗುತ್ತದೆಂದು ಅವರು ಕೇಳಿದರು. ಕರಗುವ ಬಿಂದುವನ್ನು ಮುಟ್ಟಿದ ಮೇಲೆ ಇನ್ನೊಂದಿಷ್ಟು ಶಾಖ ತಗುಲಿದ ಮಾತ್ರಕ್ಕೆ ಮಂಜು ನೀರಾಗುವಂತಿದ್ದರೆ, ವಸಂತದ ಮೊದಲ ಬೆಚ್ಚನೆಯ ದಿನವೇ ಬೆಟ್ಟಗಳ ಹಿಮವೆಲ್ಲ ನಿಮಿಷಗಳಲ್ಲಿ ಕರಗಿ ಊರುಕೇರಿಗಳನ್ನು ಕೊಚ್ಚಿಕೊಂಡು ಹೋಗಬೇಕಾಗಿತ್ತು. ಹಾಗಾಗುವುದಿಲ್ಲ. ಇದನ್ನು ಅಳೆಯಲು ಅವರು ಒಂದೇ ಬಗೆಯ ಎರಡು ಗಾಜಿನ ಬುರುಡೆಗಳಲ್ಲಿ ಒಂದೇ ತೂಕದ ನೀರನ್ನು ತುಂಬಿ, ಒಂದರಲ್ಲಿದ್ದುದನ್ನು ಹೆಪ್ಪುಗಟ್ಟಿಸಿ, ಇನ್ನೊಂದರಲ್ಲಿದ್ದುದನ್ನು ಹೆಪ್ಪುಗಟ್ಟದಂತೆ ಅದೇ ಮಟ್ಟದವರೆಗೆ ತಣಿಸಿ, ಎರಡನ್ನೂ ದೊಡ್ಡದೊಂದು ಕೋಣೆಯಲ್ಲಿ ತೂಗುಹಾಕಿದರು. ತಣ್ಣೀರು ಏಳು ಫ್ಯಾರನ್‌ಹೀಟ್ ಡಿಗ್ರಿ ಏರಲು ಅರ್ಧ ಗಂಟೆ ಹಿಡಿಯಿತು. ಮಂಜು ಕರಗಿ ಅದೇ ಮಟ್ಟಕ್ಕೆ ಬರಲು ಹತ್ತೂವರೆ ಗಂಟೆ ಬೇಕಾಯಿತು! ಅಷ್ಟು ಹೊತ್ತೂ ಕೋಣೆಯ ಶಾಖ ಒಳಹೋಗುತ್ತಲೇ ಇತ್ತು; ಉಷ್ಣಮಾಪಕಕ್ಕೆ ಮಾತ್ರ ಅದರ ಸುಳಿವಿರಲಿಲ್ಲ. ಮಂಜನ್ನು ನೀರಾಗಿಸುವುದಕ್ಕೇ ವ್ಯಯವಾಗಿ ಕಣ್ಣಿಗೆ ಮರೆಯಾಗುವ ಈ ಶಾಖವೇ ಗುಪ್ತೋಷ್ಣ. ಬ್ಲ್ಯಾಕರು 1762ರಲ್ಲಿ ಈ ಫಲಿತಾಂಶವನ್ನು ಗ್ಲಾಸ್ಗೊವಿನ ವಿದ್ವಾಂಸರ ಮುಂದಿಟ್ಟರು.

ವಿದ್ಯುತ್ ಚಾಪೆಯ ಬಿಲ್ಲನ್ನು ಬರೆಯುವುದು ಈ ಗುಪ್ತೋಷ್ಣವೇ. ಒಂದು ಕಿಲೋಗ್ರಾಂ ಮಂಜನ್ನು, ಅದರ ಉಷ್ಣತೆಯನ್ನು ಒಂದು ಡಿಗ್ರಿಯೂ ಏರಿಸದೆ ಬರಿದೇ ನೀರಾಗಿಸಲು ಬೇಕಾಗುವ ಶಾಖದಿಂದ ಅಷ್ಟೇ ತೂಕದ ನೀರನ್ನು ಸೊನ್ನೆಯಿಂದ 80 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಬಹುದು. ನಲವತ್ತು ಚದರ ಮೀಟರಿನ ಒಂದು ಅಂಗಳದಲ್ಲಿ, ಅಂದರೆ ಮನೆಯಿಂದ ಬೀದಿಯವರೆಗೆ ಎರಡು ಮೋಟಾರುಗಳು ನಿಲ್ಲುವಷ್ಟು ಜಾಗದಲ್ಲಿ, ಒಂದು ಗೇಣಿಗಿಂತ ಕಡಿಮೆ, ಹದಿನೈದು ಸೆಂಟಿಮೀಟರು ಹಿಮ ಬಿದ್ದಿತೆಂದುಕೊಳ್ಳೋಣ. ಹೊಸದಾಗಿ ಬಿದ್ದ ಹಗುರ ಹಿಮ ನೀರಿನ ತೂಕದ ಹತ್ತನೆಯ ಒಂದು ಪಾಲಿನಷ್ಟಿರುತ್ತದೆ. ಆ ಲೆಕ್ಕದಲ್ಲಿ ಅಲ್ಲಿ ಬಿದ್ದಿರುವುದು 600 ಕಿಲೋಗ್ರಾಂ. ಅದನ್ನು ಕರಗಿಸುವುದೆಂದರೆ ಮೂವತ್ತು ದೊಡ್ಡ ಬಕೆಟ್ಟುಗಳ ಕೊರೆಯುವ ನೀರನ್ನು, ಹಂಡೆಯಲ್ಲಿ ಹೊಗೆಯಾಡುವಷ್ಟು ಬಿಸಿಯಾಗುವವರೆಗೆ ಕಾಯಿಸಿದ ಹಾಗೆ. ವಿದ್ಯುತ್ತಿನಲ್ಲಿ ಅದು 56 ಯೂನಿಟ್ಟು. ಗಾಳಿ ಹೊತ್ತುಕೊಂಡು ಹೋಗುವ ಶಾಖ, ಆವಿಯಾಗಿ ಹೋಗುವುದು, ಕೆಳಗಿನ ಮಣ್ಣಿಗೆ ಇಂಗುವುದು ಇವೆಲ್ಲ ಬೇರೆ. ಆದುದರಿಂದಲೇ ಇಂಥ ಚಾಪೆಗಳನ್ನು ಚದರ ಮೀಟರಿಗೆ ಸುಮಾರು 400 ರಿಂದ 500 ವ್ಯಾಟಿನಂತೆ ಮಾಡುತ್ತಾರೆ. ನಲವತ್ತು ಚದರ ಮೀಟರಿಗೆ ಹದಿನಾರು ಕಿಲೋವ್ಯಾಟ್ ಎಂದರೂ, ಬೆಂಗಳೂರಿನ ಮನೆಗಳಲ್ಲಿರುವ ಎರಡು ಕಿಲೋವ್ಯಾಟಿನ ಗೀಸರುಗಳು ಎಂಟು ಒಟ್ಟಿಗೆ ಉರಿದಂತಾಯಿತು. ಎಂಟು ಗಂಟೆ ನಡೆದರೆ 128 ಯೂನಿಟ್ಟು, ಅದೂ ಒಂದು ಹಿಮಪಾತಕ್ಕೆ.

ಚಾಪೆಯ ರಚನೆಯಲ್ಲಿ ಅದ್ಭುತವೇನೂ ಇಲ್ಲ. ಎಚ್ಚರಿಕೆ ಮಾತ್ರ ಬಹಳ ಬೇಕು. ಶಾಖ ಕೊಡುವ ತಂತಿಗೆ ವಿದ್ಯುನ್ನಿರೋಧಕದ ಪದರ, ಅದರ ಮೇಲೆ ಭೂಸಂಪರ್ಕಕ್ಕಾಗಿ ಲೋಹದ ಹೆಣಿಗೆ, ಎಲ್ಲಕ್ಕೂ ಹೊರಗೆ ಗಟ್ಟಿಯಾದ ಕವಚ. ಈ ಕೇಬಲ್ಲನ್ನು ಹಾವಿನಂತೆ ಹೊರಳಿಸಿ ಸಮ ಅಂತರದಲ್ಲಿ ಬಲೆಗೆ ಕಟ್ಟಿ ಸುರುಳಿ ಸುತ್ತಿರುತ್ತಾರೆ. ಮದುವೆಯ ಮನೆಯಲ್ಲಿ ಚಾಪೆ ಬಿಡಿಸುವಂತೆ ಅದನ್ನು ಹಾಸಿ, ಮೇಲೆ ಕಾಂಕ್ರೀಟನ್ನೋ ಡಾಂಬರನ್ನೋ ಮರಳಿನ ಮೇಲಿನ ಹಾಸುಗಲ್ಲನ್ನೋ ಮುಚ್ಚುತ್ತಾರೆ. ಮೇಲ್ಮೈಯಿಂದ ಎರಡು ಮೂರು ಅಂಗುಲದೊಳಗೆ ಚಾಪೆ ಇರಬೇಕು. ಇನ್ನೂ ಆಳಕ್ಕೆ ಹೋದರೆ ಬಿಸಿ ಮೇಲೆ ಬರುವಷ್ಟರಲ್ಲಿ ಹಿಮ ಗೆದ್ದಿರುತ್ತದೆ. ಬಟ್ಟೆಯನ್ನು ಅಳತೆಗೆ ಕತ್ತರಿಸಿದಂತೆ ಈ ಕೇಬಲ್ಲನ್ನು ಕತ್ತರಿಸಲಾಗದು. ಸಾಮಾನ್ಯವಾಗಿ ಬಳಸುವ ಬಗೆಯ ತಂತಿಯನ್ನು ಅರ್ಧಕ್ಕೆ ಕತ್ತರಿಸಿದರೆ ಅದರ ರೋಧವೂ ಅರ್ಧವಾಗಿ, ವಿದ್ಯುತ್ಪ್ರವಾಹ ಇಮ್ಮಡಿಸಿ, ಪ್ರತಿಯೊಂದು ಅಡಿ ತಂತಿಯೂ ನಾಲ್ಕು ಪಟ್ಟು ಶಾಖವನ್ನು ಕಾರುತ್ತದೆ. ಹಾಗೆ ಕಾರಿದ ತಂತಿ ಬಹುಕಾಲ ಬಾಳುವುದಿಲ್ಲ. ಒಂದು ಸುತ್ತು ಇನ್ನೊಂದರ ಮೇಲೆ ಹಾಯುವುದೂ ಕೂಡದು. ಇವೆಲ್ಲಕ್ಕಿಂತ ದೊಡ್ಡ ಶತ್ರು ಕೂಲಿಯವನ ಸಲಿಕೆ. ಕಾಂಕ್ರೀಟು ಹರಡುವಾಗ ಅದರ ಮೊನೆ ಒಮ್ಮೆ ತಾಗಿತೆಂದರೆ, ಆ ಗಾಯ ಕಾಣಿಸುವುದು ಚಳಿಗಾಲದ ಮೊದಲ ರಾತ್ರಿ, ಅಂಗಳವೆಲ್ಲ ಕಲ್ಲಾಗಿ ಹೋದ ಮೇಲೆ. ಆದುದರಿಂದ ಬಲ್ಲ ಕೆಲಸಗಾರರು ಹಾಸುವ ಮೊದಲು, ಹಾಸಿದ ಮೇಲೆ, ಕಾಂಕ್ರೀಟು ಸುರಿಯುವಾಗ, ಹೀಗೆ ಮೇಲಿಂದ ಮೇಲೆ ತಂತಿಯ ರೋಧವನ್ನೂ ನಿರೋಧಕವನ್ನೂ ಅಳೆಯುತ್ತಲೇ ಇರುತ್ತಾರೆ.

ದೊಡ್ಡ ಪ್ರಮಾಣದಲ್ಲಿ ಈ ಉಪಾಯವನ್ನು ಮೊದಮೊದಲು ಪರೀಕ್ಷಿಸಿದವರಲ್ಲಿ ಇಂಗ್ಲೆಂಡಿನ ಕಾಲ್ಚೆಂಡಾಟದವರೂ ಸೇರಿದ್ದಾರೆಂಬುದು ವಿನೋದದ ಸಂಗತಿ. ಲಿವರ್‌ಪೂಲಿನ ಎವರ್ಟನ್ ತಂಡದವರು 1958ರಲ್ಲಿ ತಮ್ಮ ಗುಡಿಸನ್ ಪಾರ್ಕ್ ಮೈದಾನದ ಹುಲ್ಲಿನ ಕೆಳಗೆ ಇಪ್ಪತ್ತು ಮೈಲಿ ತಂತಿಯನ್ನು ಹೂಳಿಸಿದರು. 16,000 ಪೌಂಡು ಖರ್ಚಾಯಿತು. ಅದು ಹುಲ್ಲಿನ ನೆಲ, ಕಲ್ಲುಹಾಸಲ್ಲ, ನಿಜ. ಆದರೆ ಅಲ್ಲಿ ದೊರೆತ ಪಾಠ ಎಲ್ಲ ನೆಲಕ್ಕೂ ಸಲ್ಲುವಂಥದು. ತಂತಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು, ಹಿಮ ಕರಗಿತು. ಕರಗಿದ ನೀರು ಎಲ್ಲಿಗೆ ಹೋಗಬೇಕು? ಹಳೆಯ ಚರಂಡಿಗಳಿಗೆ ಅಷ್ಟನ್ನು ಸಾಗಿಸುವ ಶಕ್ತಿಯಿರಲಿಲ್ಲ. 1960ರಲ್ಲಿ ಮೈದಾನವನ್ನೇ ಅಗೆದು ಹೊಸ ಚರಂಡಿ ಹಾಕಬೇಕಾಯಿತು. ಎಡಿನ್‌ಬರೋದ ಮರ್ರೀಫೀಲ್ಡ್ ರಗ್ಬಿ ಮೈದಾನಕ್ಕೆ 1959ರಲ್ಲಿ ಚಾರ್ಲ್ಸ್ ಹೆಪ್‌ಬರ್ನ್ ಎಂಬ ವಿಸ್ಕಿ ವ್ಯಾಪಾರಿ ಇಂಥದೇ ‘ವಿದ್ಯುತ್ ಕಂಬಳಿ’ಯನ್ನು ದಾನಮಾಡಿದರು. ಅದು ಮೂರು ದಶಕ ಬಾಳಿ, 1991ರಲ್ಲಿ ಬಿಸಿನೀರಿನ ಕೊಳವೆಗಳಿಗೆ ಎಡೆಮಾಡಿಕೊಟ್ಟಿತು. ಜೋಸೆಫ್ ಬ್ಲ್ಯಾಕರು ತಮ್ಮ ಬಾಳಿನ ಉತ್ತರಾರ್ಧವನ್ನು ಪ್ರಾಧ್ಯಾಪಕರಾಗಿ ಕಳೆದುದೂ ಆ ಎಡಿನ್‌ಬರೋದಲ್ಲಿಯೇ.

ವಾಹನಗಳು ಓಡಾಡುವ ಕಡೆ ಪರೀಕ್ಷೆ ಇನ್ನೂ ಕಠಿಣ. ಅಮೆರಿಕದ ನ್ಯೂಜೆರ್ಸಿ ಪ್ರಾಂತದ ನ್ಯೂಅರ್ಕಿನಲ್ಲಿ 1961ರಲ್ಲಿ ಸೇತುವೆಯೊಂದಕ್ಕೆ ಡಾಂಬರಿನ ಪದರದೊಳಗೆ ತಂತಿಯನ್ನು ಹೂಳಿದರು. ಸೇತುವೆಯನ್ನು ಆರಿಸಿದ್ದಕ್ಕೆ ಕಾರಣವಿದೆ: ಕೆಳಗೂ ತಣ್ಣನೆಯ ಗಾಳಿ ಬೀಸುವುದರಿಂದ ರಸ್ತೆಗಿಂತ ಮೊದಲು ಹೆಪ್ಪುಗಟ್ಟುವುದು ಸೇತುವೆಯೇ. ಆದರೆ ಗಾಡಿಗಳ ಚಕ್ರಗಳು ಡಾಂಬರನ್ನು ದಿನವೂ ಸ್ವಲ್ಪ ಸ್ವಲ್ಪವಾಗಿ ಎಳೆದು, ಅದರೊಡನೆ ತಂತಿಯನ್ನೂ ಕಿತ್ತು ಹಾಕಿದವು. ಕೊನೆಗೆ ಅದನ್ನು ಕೈಬಿಟ್ಟರು. ಅದೇ ಪ್ರಾಂತದ ಟೆಟರ್‌ಬರೊದಲ್ಲಿ 1964ರಲ್ಲಿ ಹಾಕಿದ್ದು ಮಾತ್ರ ತೃಪ್ತಿಕರವಾಗಿ ನಡೆಯಿತು.

ಇನ್ನು ಚಾಪೆಯನ್ನು ಯಾವಾಗ ಹೊತ್ತಿಸಬೇಕೆಂಬ ಪ್ರಶ್ನೆ. ಗುಂಡಿಯನ್ನು ಒತ್ತುವ ಕೆಲಸ ಯಾರು ಬೇಕಾದರೂ ಮಾಡಬಹುದಲ್ಲ ಎನಿಸೀತು. ಆದರೆ ಹಿಮ ಅಂಗುಲಗಟ್ಟಲೆ ಬಿದ್ದ ಮೇಲೆ ಎಚ್ಚರಗೊಂಡು ಒತ್ತಿದರೆ ಪ್ರಯೋಜನ ಅಷ್ಟಕ್ಕಷ್ಟೆ. ತಣ್ಣಗೆ ಕೊರೆಯುತ್ತಿರುವ ಕಾಂಕ್ರೀಟು ಮೊದಲು ತಾನು ಬೆಚ್ಚಗಾಗಬೇಕು. ಅದಕ್ಕೆ ಗಂಟೆಗಳು ಹಿಡಿಯುತ್ತವೆ. ಅಷ್ಟರಲ್ಲಿ ದಪ್ಪವಾಗಿ ಕುಳಿತ ಹಿಮ ಕೆಳಗಿನಿಂದ ಕರಗಿ, ಮೇಲೆ ಗಟ್ಟಿ ಚಿಪ್ಪಿನಂತೆ ಕಮಾನು ಕಟ್ಟಿಕೊಂಡು, ನಡುವೆ ಪೊಳ್ಳಾಗಿ ನಿಲ್ಲುವುದುಂಟು. ಇಡೀ ಚಳಿಗಾಲ ಹೊತ್ತಿಸಿಯೇ ಇಟ್ಟರೆ ಮನೆಯೊಡೆಯ ದಿವಾಳಿ. ಆದುದರಿಂದ ನೆಲದಲ್ಲಿ ಒಂದು ಪುಟ್ಟ ಕಾವಲುಗಾರನನ್ನು ಕೂರಿಸುತ್ತಾರೆ. ಚಳಿ ಎಷ್ಟಿದೆ, ಮೈ ಒದ್ದೆಯಾಗಿದೆಯೇ ಎಂಬ ಎರಡನ್ನೂ ಅದು ಅರಿಯುತ್ತದೆ. ಒಣ ಚಳಿಗೆ ಅದು ಜಗ್ಗುವುದಿಲ್ಲ, ಬೆಚ್ಚನೆಯ ಮಳೆಗೂ ಜಗ್ಗುವುದಿಲ್ಲ. ಎರಡೂ ಕೂಡಿದಾಗಲೇ ವಿದ್ಯುತ್ತನ್ನು ಒಳಬಿಡುತ್ತದೆ. ಹಿಮ ನಿಂತ ಕೂಡಲೇ ಆರಿಸುವುದೂ ಅಪಾಯವೇ. ನೆಲ ಒಣಗುವ ಮೊದಲು ಶಾಖ ನಿಂತರೆ ಉಳಿದ ತೆಳು ನೀರು ಕಣ್ಣಿಗೆ ಕಾಣದ ಮಂಜಿನ ಪೊರೆಯಾಗುತ್ತದೆ. ಹಿಮಕ್ಕಿಂತ ಅದು ಘಾತುಕ. ಬಿಸಿಯಾದ ಜಾಗದಿಂದ ಹರಿದ ನೀರು ಬಿಸಿಯಿಲ್ಲದ ಅಂಚಿಗೆ ಹೋಗಿ ಹೆಪ್ಪುಗಟ್ಟಿದರೂ ಅದೇ ಗತಿ. ತನ್ನ ಅಂಗಳವನ್ನು ಒಣಗಿಸಿಕೊಂಡು ಬೀದಿಯಲ್ಲಿ ನಡೆಯುವವನನ್ನು ಜಾರಿಸಿ ಬೀಳಿಸುವ ಚಾಪೆಯಿಂದ ಪುಣ್ಯವೇನು ಬಂತು? ಹೀಗಾಗಿ ಚರಂಡಿಯವರೆಗೂ ತಂತಿಯನ್ನು ಒಯ್ಯಲೇಬೇಕು.

ಖರ್ಚಿನ ಭೂತವನ್ನು ಬೇರೆ ದಾರಿಯಿಂದ ಅಟ್ಟಿದ ಊರುಗಳೂ ಇವೆ. ಅವು ಕೊಂಡ ವಿದ್ಯುತ್ತನ್ನು ನೆಚ್ಚದೆ, ಸುಮ್ಮನೆ ಪೋಲಾಗುತ್ತಿದ್ದ ಶಾಖವನ್ನು ಹಿಡಿದುಕೊಂಡವು. ಮಿಷಿಗನ್ ಪ್ರಾಂತದಲ್ಲಿ ಹಾಲೆಂಡ್ ಎಂಬ ಊರಿದೆ. 1847ರಲ್ಲಿ ಡಚ್ಚರು ಬಂದು ಕಟ್ಟಿದ್ದು. ಅಲ್ಲಿನ ವಿದ್ಯುದಾಗಾರ ಯಂತ್ರಗಳನ್ನು ತಣಿಸಿ ಹೊರಬಿಡುತ್ತಿದ್ದ ಬೆಚ್ಚನೆಯ ನೀರನ್ನು 1988ರಿಂದ ಪೇಟೆಯ ಬೀದಿ, ಕಾಲುದಾರಿಗಳ ಕೆಳಗಿನ ಪ್ಲಾಸ್ಟಿಕ್ ಕೊಳವೆಗಳಲ್ಲಿ ಹರಿಸತೊಡಗಿದರು. ಎಡ್ಗರ್ ಪ್ರಿನ್ಸ್ ಎಂಬ ಅಲ್ಲಿನ ಉದ್ಯಮಿ ಅದಕ್ಕಾಗಿ ಪಟ್ಟುಹಿಡಿದು ಹಣವನ್ನೂ ಕೊಟ್ಟರು. ಸುತ್ತಲೂ ಹಿಮ ಮೊಣಕಾಲುದ್ದ ಬಿದ್ದಿರುವಾಗ ಆ ಊರಿನ ಎಂಟನೆಯ ಬೀದಿಯಲ್ಲಿ ಜನ ಒದ್ದೆ ನೆಲದ ಮೇಲೆ ನಿರಾಯಾಸವಾಗಿ ಅಂಗಡಿ ಸುತ್ತುತ್ತಾರೆ. ಐಸ್‌ಲೆಂಡಿನ ರೇಕ್ಯಾವಿಕ್ ನಗರದಲ್ಲಿ ಭೂಗರ್ಭದ ಬಿಸಿನೀರೇ ಮನೆಗಳನ್ನು ಬೆಚ್ಚಗಿಡುತ್ತದೆ; ಮನೆಗಳಲ್ಲಿ ಸುತ್ತಿ ಸುಮಾರು 35 ಡಿಗ್ರಿಗೆ ಇಳಿದ ಆ ನೀರನ್ನು ಚೆಲ್ಲುವ ಬದಲು ಕಾಲುದಾರಿಯ ಕೆಳಗೆ ಇನ್ನೊಂದು ಸುತ್ತು ಹಾಕಿಸುತ್ತಾರೆ. ಜಪಾನಿನ ನಾಗಓಕದಲ್ಲಿ 1961ರಿಂದ ಅಂತರ್ಜಲವನ್ನೇ ಮೇಲೆತ್ತಿ, ರಸ್ತೆಯ ನಡುವಿನ ಸಣ್ಣ ರಂಧ್ರಗಳಿಂದ ಚಿಮುಕಿಸುವ ಪದ್ಧತಿ ಬಂತು. ಬಾವಿಯ ನೀರು ಚಳಿಗಾಲದಲ್ಲಿ ಬೆಚ್ಚಗಿರುತ್ತದೆಂಬುದು ಹಳ್ಳಿಯವರೆಲ್ಲ ಬಲ್ಲ ವಿಷಯವಷ್ಟೆ. ಅಲ್ಲಿ ನೀರಿನ ಕಬ್ಬಿಣದಿಂದ ಬೀದಿಗಳು ಕೆಂಪಾದವು. ಎಲ್ಲರೂ ನೀರೆತ್ತಿದ್ದರಿಂದ ಆ ಸೀಮೆಯಲ್ಲಿ ನೆಲವೂ ಕುಸಿಯತೊಡಗಿತು. ಪುಕ್ಕಟೆಯ ಶಾಖಕ್ಕೂ ಯಾರಾದರೂ ಬೆಲೆ ತೆರುತ್ತಾರೆ.

ಪ್ರತಿ ಊರಿಗೂ ಬಿಸಿನೀರಿನ ಬುಗ್ಗೆಯಾಗಲಿ, ಸಮೀಪದಲ್ಲೇ ವಿದ್ಯುದಾಗಾರವಾಗಲಿ ಇರುವುದಿಲ್ಲ. ಅಲ್ಲಿ ವಿದ್ಯುತ್ ಚಾಪೆಗೆ ತನ್ನದೇ ಆದ ಸ್ಥಾನವಿದೆ. ಅದು ಚಿಕ್ಕ ಸ್ಥಾನ, ಆದರೆ ದೊಡ್ಡ ಉಪಯೋಗದ್ದು. ಇಡೀ ಅಂಗಳವನ್ನು ಬಿಸಿಮಾಡುವುದು ಸಿರಿವಂತರ ಶೋಕಿ. ಸ್ವಲ್ಪ ಜಾಣತನವುಳ್ಳವರು ಮೋಟಾರಿನ ಚಕ್ರ ಹಾಯುವ ಎರಡು ಪಟ್ಟಿಗಳಿಗೆ ಮಾತ್ರ ಎರಡಡಿ ಅಗಲದ ಚಾಪೆ ಹಾಸಿ ಖರ್ಚನ್ನು ಬಹುಪಾಲು ಇಳಿಸುತ್ತಾರೆ. ಆಸ್ಪತ್ರೆಯ ತುರ್ತು ಬಾಗಿಲಿನ ಮುಂದೆ, ಗಾಲಿಕುರ್ಚಿ ಏರುವ ಇಳಿಜಾರಿನಲ್ಲಿ, ನೆಲದಡಿಯ ರೈಲು ನಿಲ್ದಾಣದ ಮೆಟ್ಟಿಲುಗಳಲ್ಲಿ ಲೆಕ್ಕಾಚಾರವೇ ಬೇರೆ. ಅಲ್ಲಿ ಒಬ್ಬ ರೋಗಿಯನ್ನು ಹೊತ್ತವರ ಕಾಲು ಜಾರದಿದ್ದರೆ ವರ್ಷದ ಬಿಲ್ಲು ಒಂದು ಬೆಳಗಿನಲ್ಲಿ ತೀರಿದಂತೆ. ಇಂಥ ಕಡೆಗಳಲ್ಲಿ ಹಿಮ ಒಂದು ಕ್ಷಣವೂ ನಿಲ್ಲದಂತೆ, ಮನೆಗಳ ಮುಂದೆ ಸ್ವಲ್ಪ ಹೊತ್ತು ನಿಂತರೂ ಚಿಂತೆಯಿಲ್ಲದಂತೆ, ಬೇರೆ ಬೇರೆ ಮಟ್ಟದ ಶಾಖವನ್ನು ಇಂಜಿನಿಯರರು ಗೊತ್ತುಮಾಡಿಕೊಂಡಿದ್ದಾರೆ.

ಅಗೆಯುವ ಕೆಲಸವೇ ಬೇಡವೆನ್ನುವವರಿಗೆ, ಬಾಡಿಗೆ ಮನೆಯವರಿಗೆ, ಮೆಟ್ಟಿಲ ಮೇಲೆಯೇ ಹಾಸುವ ರಬ್ಬರಿನ ಚಾಪೆಗಳು ಬಂದಿವೆ. ತಂತಿ ರಬ್ಬರಿನ ಎರಡು ಪದರಗಳ ನಡುವೆ ಇರುತ್ತದೆ; ಮೇಲ್ಮೈ ಕಾಲು ಜಾರದಂತೆ ತರಿತರಿ. ಒಂದು ಮೆಟ್ಟಿಲಿನ ಚಾಪೆಗೆ ಹಿಂದಿನ ಕಾಲದ ಅರವತ್ತು ವ್ಯಾಟಿನ ಬಲ್ಬಿಗೆ ಬೇಕಾಗುತ್ತಿದ್ದಷ್ಟು ವಿದ್ಯುತ್ತು ಸಾಕು. ಒಂದಕ್ಕೊಂದು ಕೊಂಡಿ ಹಾಕಿ ನಾಲ್ಕೈದು ಮೆಟ್ಟಿಲುಗಳಿಗೆ ಹಾಸಬಹುದು. ಒದ್ದೆಯಲ್ಲಿ ಬಳಸುವುದರಿಂದ, ವಿದ್ಯುತ್ತು ನೆಲಕ್ಕೆ ಸೋರಿದೊಡನೆ ತಾನಾಗಿ ಕಡಿದುಹೋಗುವ ಸ್ವಿಚ್ಚಿಗೇ ಜೋಡಿಸಬೇಕು. ಒಳಮನೆಯ ಸಾಧಾರಣ ಎಕ್ಸ್‌ಟೆನ್ಷನ್ ವೈರನ್ನು ಕಿಟಕಿಯಿಂದ ಹೊರಕ್ಕೆ ಎಳೆದು ಜೋಡಿಸುವುದು ಸಲ್ಲದು. ಹಿಮ ಬೀಳುವ ಸೂಚನೆ ಕಂಡಾಗ ಹೊತ್ತಿಸಿದರೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲು ಒದ್ದೆಯಾಗಿರುತ್ತದೆ, ಬಿಳಿದಾಗಿರುವುದಿಲ್ಲ. ಅಲ್ಲಿಂದ ಮುಂದೆ ಬೀದಿಯವರೆಗಿನ ಹತ್ತು ಹೆಜ್ಜೆಗಳಿಗೆ ಸಲಿಕೆಯೇ ಗತಿ. ವಸಂತ ಬಂದ ಮೇಲೆ ಚಾಪೆಯನ್ನು ತೊಳೆದು, ಮಡಿಸದೆ, ಚಪ್ಪಟೆಯಾಗಿಯೋ ಸಡಿಲವಾಗಿ ಸುತ್ತಿಯೋ ಉಗ್ರಾಣದಲ್ಲಿಡಬೇಕು. ಮಡಿಸಿದರೆ ಒಳಗಿನ ತಂತಿ ಮುರಿಯುತ್ತದೆ.